ಒಂಬತ್ತನೇ ಕಾಮಗಾರಿ

ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಕಪಾಟು ತೆಗೆದಾಗ ಎಲ್ಲವೂ ಇಟ್ಟ ಹಾಗೇ ಇತ್ತು. ಎರಡು ಬೀಗ — ಎರಡೂ ಭದ್ರ. ಒಳಗೆ ಕಡತ. ಕಡತದಲ್ಲಿ ನಾಲ್ಕು ಹಾಳೆ. ಕೊನೆಯ ಹಾಳೆಯಲ್ಲಿ ನಗರಸಭೆಯ ಸಹಿ, ಪಕ್ಕದಲ್ಲೇ ರಾಜ್ಯ ರಸ್ತೆ ಇಲಾಖೆಯ ಸಹಿ.

ಮೂರನೇ ಹಾಳೆಯ ಒಂಬತ್ತನೇ ಸಾಲು ಮಾತ್ರ ನನ್ನದಲ್ಲ.

'ಕಾಮಗಾರಿ 9 — ಕೆಳದಾರಿ, ವರ್ತುಲ ರಸ್ತೆ, ಕಿ.ಮೀ. 6.1.'

ರಸ್ತೆಯಡಿ ಹಾಯುವ ಆ ದಾರಿಗೆ ಶುಕ್ರವಾರ ನಾನು ಟೈಪ್ ಮಾಡಿದ್ದು 3.4. ಅದು ನೂಲಿನ ಗಿರಣಿಯ ಬಾಗಿಲು. ದಿನಾ ಬೆಳಿಗ್ಗೆ ಸಾವಿರ ಹೆಂಗಸರು ಲಾರಿಗಳ ನಡುವೆ ಓಡಿ ರಸ್ತೆ ದಾಟುವ ಜಾಗ. ಆ ಸಾವಿರದಲ್ಲಿ ಒಬ್ಬಳು ನನ್ನ ತಂಗಿ.

"ರಾಜ್ಯ, ಸ್ವಲ್ಪ ಇಲ್ಲಿ ಬನ್ನಿ."

ರಸ್ತೆ ಇಲಾಖೆಯವರು ನಮ್ಮ ಸಮನ್ವಯ ಕೋಣೆಗೆ ಕಳಿಸಿದ್ದ ಎಂಜಿನಿಯರನ್ನು ಎಲ್ಲರೂ 'ರಾಜ್ಯ' ಎಂದೇ ಕರೆಯುತ್ತಿದ್ದರು. ನಗರಸಭೆಯ ಗುಮಾಸ್ತೆ ನಾನು, ಹಾಗಾಗಿ 'ನಗರ'. ಎರಡು ಸರ್ಕಾರಗಳು ಆ ಕೋಣೆಯಲ್ಲಿ ಒಂದೇ ಫ್ಯಾನಿನ ಕೆಳಗೆ ಕೂತು ಕಾಮಗಾರಿಗಳ ಒಂದೇ ಪಟ್ಟಿ ಮಾಡಬೇಕಿತ್ತು. ಹನ್ನೊಂದು ತಿಂಗಳು ಹಿಡಿದಿತ್ತು.

ಅವರು ಸಾಲು ಓದಿದರು. ಮತ್ತೆ ಓದಿದರು.

"ಆರು ಪಾಯಿಂಟ್ ಒಂದಾ? ಅಲ್ಲೇನಿದೆ ನಗರ?"

"ಹೊಸ ಬಡಾವಣೆ" ಎಂದೆ. ಆ ಬಡಾವಣೆಯ ಅಳತೆ ಮಾಡಿದ ಸರ್ವೇಯರ್ ನನ್ನ ಗಂಡ.

ಮಾತು ಕೇಳಿ ದೊಡ್ಡಮೇಡಂ ಬಂದರು. ನಗರಸಭೆಯ ಮುಖ್ಯ ಯೋಜನಾಧಿಕಾರಿ. ಹದಿನೆಂಟು ವರ್ಷ ರಸ್ತೆ ಇಲಾಖೆಯಲ್ಲಿದ್ದು, ಆಮೇಲೆ ನಮ್ಮಲ್ಲಿಗೆ ಬಂದವರು. ಹಳೇ ಮನೆಯವರ ಗುಟ್ಟು ಗೊತ್ತಿದ್ದರಿಂದಲೇ ಸಭೆಗಳಲ್ಲಿ ಅವರಿಗೆ ಎದುರಾಡುವವರು ಇರಲಿಲ್ಲ. ಗಿರಣಿಯ ಕೆಳದಾರಿಗಾಗಿ ಮೇಜು ಕುಟ್ಟಿದವರು ಅವರೇ. ದೀರ್ಘ ರಜೆಯ ಮೇಲಿದ್ದು ಮರಳಿದ ನನ್ನನ್ನು ಯಾರೂ ಬೇಡವೆಂದಾಗ ಈ ಕೋಣೆಗೆ ತಂದವರೂ ಅವರೇ.

"ಇದಕ್ಕಾ ನಾನು ಹನ್ನೊಂದು ತಿಂಗಳು ಗಂಟಲು ಹರ್ಕೊಂಡಿದ್ದು? ಬಡಾವಣೆಯವರ ಕೈ ಎಷ್ಟು ಉದ್ದ ನೋಡು!"

ಹೇಳುವಾಗ ಅವರು ನನ್ನನ್ನು ನೋಡಿದರೇ? ನೋಡಿದರು ಅನ್ನಿಸಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವರ ಹಾಗೆ ನಾನು ಸೆರಗು ಸರಿಮಾಡಿಕೊಂಡೆ.

ಮಧ್ಯಾಹ್ನ ಮೂರಕ್ಕೆ ಜಂಟಿ ಮಂಡಳಿಯ ಸಭೆ. ನಿಯಮ ಸರಳ. ಸಂಶಯ ಬಿದ್ದ ಕಾಮಗಾರಿಯನ್ನು ಮಂಡಳಿ ಪಟ್ಟಿಯಿಂದ ತೆಗೆದಿಡುತ್ತದೆ. ಮುಂದಿನ ಪಟ್ಟಿ ನಾಲ್ಕು ವರ್ಷದ ಮೇಲೆ. ಮೂರು ಗಂಟೆಯೊಳಗೆ ಅಂಕಿ ಬದಲಿಸಿದವರು ಯಾರೆಂದು ಗೊತ್ತಾಗದಿದ್ದರೆ ಗಿರಣಿಯ ಹೆಂಗಸರು ಇನ್ನೂ ನಾಲ್ಕು ವರ್ಷ ಲಾರಿಗಳ ನಡುವೆ ಓಡಬೇಕು.

ಮಂಡಳಿಯ ವಿಚಾರಣಾಧಿಕಾರಿ ಹತ್ತೂಕಾಲಿಗೆ ಬಂದರು. ಎರಡೂ ಕಡೆಯವರು ಒಪ್ಪುವ, ಎರಡೂ ಕಡೆಯವರು ಹೆದರುವ ಹೆಂಗಸು. ಯಾರಿಗೂ 'ಸುಳ್ಳು' ಅನ್ನುವವರಲ್ಲ. ನಂಬಿಕೆ ಬಾರದ ಉತ್ತರದ ಪಕ್ಕ ಪೆನ್ಸಿಲಿನಲ್ಲಿ ಒಂದು ಚುಕ್ಕಿ ಇಡುತ್ತಾರೆ, ಅಷ್ಟೇ. ಕಚೇರಿಗಳಲ್ಲಿ ಅವರ ಹೆಸರು ಚುಕ್ಕಿ ಮೇಡಂ.

"ಕಪಾಟಿಗೆ ಎರಡು ಬೀಗ ಯಾಕೆ?"

"ಒಂದು ನಗರದ್ದು, ಒಂದು ರಾಜ್ಯದ್ದು ಮೇಡಂ. ಒಬ್ಬರೇ ತೆಗೆಯೋ ಹಾಗಿಲ್ಲ."

"ಕೀಲಿ?"

"ಒಂದು ನನ್ನ ಹತ್ರ. ಒಂದು ಅವರ ಹತ್ರ."

ಪೆನ್ಸಿಲ್ ಚುಕ್ಕಿ ಇಟ್ಟಿತು.

"ಮಧ್ಯದ ಹಾಳೆಗಳಲ್ಲಿ ಯಾರ ಕಿರುಸಹಿಯೂ ಇಲ್ವಲ್ಲ?"

ರಾಜ್ಯ ತಲೆ ಕೆರೆದುಕೊಂಡರು. "ಯಾರ ಕಿರುಸಹಿ ಮೇಲೆ ಬರಬೇಕು, ಯಾರದ್ದು ಕೆಳಗೆ ಅನ್ನೋದು ತೀರ್ಮಾನ ಆಗ್ಲಿಲ್ಲ ಮೇಡಂ. ಎರಡು ಸಭೆ ಆಯ್ತು. ಆಮೇಲೆ ಕೊನೆ ಹಾಳೆಗೆ ಅಕ್ಕಪಕ್ಕ ಮಾಡಿದ್ರೆ ಸಾಕು ಅಂತಾಯ್ತು."

"ಊರಿನ ಜಾಗದ ಹೆಸರೂ ಇಲ್ಲ. ಬರೀ ಅಂಕಿ."

"ನಾವು ಗಿರಣಿ ಬಾಗಿಲು ಅಂತೀವಿ, ಅವರು ಪೂರ್ವ ಕೂಡುರಸ್ತೆ ಅಂತಾರೆ. ಅದೂ ತೀರ್ಮಾನ ಆಗ್ಲಿಲ್ಲ" ಎಂದೆ.

"ಒಂದಾದರೂ ತೀರ್ಮಾನ ಆಗಿದ್ದುಂಟಾ?"

"ಕಿಲೋಮೀಟರನ್ನ ಊರ ಕಡೆಯಿಂದ ಎಣಿಸಬೇಕು ಅನ್ನೋದು" ಎಂದರು ರಾಜ್ಯ ಹೆಮ್ಮೆಯಿಂದ. "ಮೂರು ಸಭೆ. ನಮ್ಮ ಇಲಾಖೆ ಹೊಳೆ ಸೇತುವೆ ಕಡೆಯಿಂದ ಎಣಿಸುತ್ತೆ. ಎತ್ತು ಏರಿಗೆ, ಕೋಣ ನೀರಿಗೆ. ರಸ್ತೆ ಒಟ್ಟು ಒಂಬತ್ತು ಪಾಯಿಂಟ್ ಎರಡು. ನಮ್ಮ ಪ್ರತಿ ಅಂಕಿಯನ್ನೂ ಅದರಿಂದ ಕಳೆದು ಬರೆಯೋದೇ ನನ್ನ ಕೆಲಸ. ನೋಡಿ, ಕಳೆದ ಅಂಕಿಗಳ ಕೋಷ್ಟಕ ಮೇಜಿಗೇ ಅಂಟಿಸ್ಕೊಂಡಿದೀನಿ. ನಿದ್ದೇಲಿ ಎಬ್ಬಿಸಿ ಕೇಳಿದ್ರೂ ಕಳೆದೇ ಹೇಳ್ತೀನಿ. ಮನೇಲಿ ಹೆಂಡ್ತಿ ನಗ್ತಾಳೆ."

ಕಂಪ್ಯೂಟರಿನಲ್ಲೂ 6.1 ಇತ್ತು. ಕಡತವನ್ನು ಕೊನೆಯ ಬಾರಿ ಉಳಿಸಿದ್ದು ಶನಿವಾರ, ಹನ್ನೊಂದು ಇಪ್ಪತ್ತು. ಕೋಣೆಗೆಲ್ಲ ಒಂದೇ ಗುಪ್ತಪದ. ಅದನ್ನು ಕಂಪ್ಯೂಟರಿನ ಮೇಲೇ ಚೀಟಿ ಬರೆದು ಅಂಟಿಸಿದ್ದವಳು ನಾನು.

"ಶನಿವಾರ ರಜಾ ಅಲ್ವಾ? ಯಾರ್ಯಾರು ಬಂದಿದ್ರು?"

"ನಾನು ಮನೆಯಲ್ಲಿದ್ದೆ" ಎಂದರು ದೊಡ್ಡಮೇಡಂ. "ನನಗೂ ಒಂದು ರಜಾ ಬೇಡವಾ?"

ಚುಕ್ಕಿ ಮೇಡಂ ನಕ್ಕರು. ಕಾವಲುಗಾರನನ್ನು ಕರೆಸಿದರು. ಅವನು ಬಾಗಿಲ ಪುಸ್ತಕ ತಂದ.

"ಇಬ್ಬರೇ ಮೇಡಂ. ನಡ್ಕೊಂಡು ಬಂದವರದ್ದೆಲ್ಲ ಬರೀತೀನಿ. ರಾಜ್ಯ ಸಾಹೇಬ್ರು ಹತ್ತೂವರೆಗೆ ಬಂದ್ರು, ಮರೆತ ಕೊಡೆ ತಗೊಂಡು ಹತ್ತೂ ನಲವತ್ತಕ್ಕೆ ಹೋದ್ರು. ಆಮೇಲೆ..." ಅವನು ನನ್ನ ಕಡೆ ನೋಡಿ ನಿಲ್ಲಿಸಿದ.

"ಓದಪ್ಪ."

"ನಗರ ಅಕ್ಕಾವ್ರ ಯಜಮಾನ್ರು. ಹತ್ತೂ ಐವತ್ತಕ್ಕೆ ಒಳಗೆ. ಹನ್ನೊಂದೂ ನಲವತ್ತಕ್ಕೆ ಹೊರಗೆ."

ಚುಕ್ಕಿ ಮೇಡಂ ಪೆನ್ಸಿಲ್ ಎತ್ತಿಕೊಂಡು ನನ್ನ ಕಡೆ ತಿರುಗಿದರು.

"ಅವರು ಯಾಕೆ ಬಂದಿದ್ರು?"

"ನನ್ನ ಕನ್ನಡಕ. ಶುಕ್ರವಾರ ಡ್ರಾಯರಿನಲ್ಲೇ ಮರೆತು ಹೋಗಿದ್ದೆ. ತಂದ್ಕೊಡಿ ಅಂತ ನಾನೇ ಕಳಿಸಿದ್ದೆ."

"ಕನ್ನಡಕ ತಗೊಳ್ಳೋಕೆ ಐವತ್ತು ನಿಮಿಷವಾ?"

ಶನಿವಾರ ಮಧ್ಯಾಹ್ನ ನಾನೂ 'ಯಾಕ್ರೀ ಇಷ್ಟು ಹೊತ್ತು?' ಎಂದು ಕೇಳಿದ್ದೆ. 'ಅಲ್ಲೇ ಸ್ವಲ್ಪ ಕೂತಿದ್ದೆ' ಅಂದಿದ್ದರು. ಇಪ್ಪತ್ತಾರು ವರ್ಷ ಒಟ್ಟಿಗೆ ಬಾಳಿದ ಮೇಲೆ ಗಂಡ ಹೇಳಿದ್ದನ್ನು ಅರ್ಧ ಕಿವಿಯಲ್ಲಿ ಕೇಳಿ ಅಡುಗೆಮನೆಗೆ ಹೋಗಿಬಿಡುತ್ತೇವೆ. ಈಗ ಆ ಮಾತನ್ನು ಮತ್ತೆ ಎತ್ತಿ ನೋಡಿದೆ. ಎಲ್ಲಿ ಕೂತಿದ್ದರು? ಯಾರ ಕುರ್ಚಿಯಲ್ಲಿ?

ಫೋನ್ ಕೈಯಲ್ಲೇ ಇತ್ತು. ನಾನು ಮಾಡಲಿಲ್ಲ.

ಚುಕ್ಕಿ ಮೇಡಂ ಟಪಾಲು ಪುಸ್ತಕ ಕೇಳಿದರು. ಶುಕ್ರವಾರದ ಪುಟದಲ್ಲಿ ನನ್ನದೇ ಅಕ್ಷರ — ಮೂರು ಪತ್ರ, ಒಂದು ಸುತ್ತೋಲೆ, ಸುರುಳಿ ಸುತ್ತಿದ ಒಂದು ನಕ್ಷೆ, ದೊಡ್ಡಮೇಡಂ ಅವರ ಹೆಸರಿಗೆ, ಒಡೆಯದೆ ಕೊಟ್ಟಿದ್ದು. ಅವರು ಓದಿ ಮುಚ್ಚಿದರು.

"ನಡೀರಿ, ರಸ್ತೆ ನೋಡೋಣ. ನೀವು ಬನ್ನಿ, ನಗರ."

"ನಾನೂ ಬರ್ತೀನಿ" ಎಂದರು ದೊಡ್ಡಮೇಡಂ.

"ಬೇಡ. ಕೀಲಿ ಇಟ್ಕೊಂಡವರಲ್ಲಿ ಒಬ್ಬರು ಸಾಕು."

ಕಾರಿನಲ್ಲಿ ನನ್ನ ಪಕ್ಕದಲ್ಲಿ ಆ ಟಿಪ್ಪಣಿ ಪುಸ್ತಕ, ಅದರೊಳಗೆ ನನ್ನ ಚುಕ್ಕಿ. ಹೊಸ ಬಡಾವಣೆಯ ಹತ್ತಿರ ಬರುವ ಹೊತ್ತಿಗೆ ನನ್ನಿಂದ ತಡೆಯಲಾಗಲಿಲ್ಲ.

"ಮೇಡಂ, ಎರಡೂ ಕೀಲಿ ನನ್ನ ಡ್ರಾಯರಿನಲ್ಲೇ ಇರ್ತವೆ. ಟೀ ಪುಡಿ ಡಬ್ಬಿಯಲ್ಲಿ."

"ಎಷ್ಟು ದಿನದಿಂದ?"

"ಎಂಟು ತಿಂಗಳು. ಮೊದಲು ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡ್ತಿರ್ಲಿಲ್ಲ. ಆಮೇಲೆ ಸಲಿಗೆ ಆಯ್ತು. ಪ್ರತಿ ಸಲ ಕರೆಯೋದು ಯಾಕೆ ಅಂತ... ಇಬ್ಬರೂ ಇದ್ವಿ ಅಂತ ಪುಸ್ತಕದಲ್ಲಿ ಬರೀತಿದ್ದೆ."

"ಸುಳ್ಳು ಬರೀತಿದ್ರಿ."

"ಹೂಂ."

"ಯಾರಿಗೆಲ್ಲ ಗೊತ್ತು?"

"ಕೋಣೆಗೆ ಬಂದು ಟೀ ಕುಡಿದವರಿಗೆಲ್ಲ. ನನ್ನ ಯಜಮಾನರಿಗೂ."

"ಇದನ್ನ ಬರ್ಕೊಂಡ್ರೆ ನಿಮ್ಮ ಕೆಲಸಕ್ಕೆ ಕುತ್ತು, ಗೊತ್ತಲ್ಲ?"

"ಗೊತ್ತು. ಬರ್ಕೊಳ್ಳಿ. ಆ ಕೆಳದಾರಿ ಹೋಗಬಾರದು, ಅಷ್ಟೇ."

ಅವರು ಬರೆದುಕೊಂಡರು. ಈ ಸಲ ಚುಕ್ಕಿ ಇಡಲಿಲ್ಲ.

ಊರ ಕಡೆಯಿಂದ ಆರು ಪಾಯಿಂಟ್ ಒಂದು. ಕಾರು ನಿಂತಿತು. ನಾನು ಕೆಳಗೆ ನೋಡಿದೆ. ನೀರು.

"ಕಾಲುವೆ" ಎಂದರು ಚುಕ್ಕಿ ಮೇಡಂ. "ರಸ್ತೆ ಸೇತುವೆ ಮೇಲಿದೆ. ಇದರ ಕೆಳಗೆ ಕೆಳದಾರಿ ತೋಡಿದ್ರೆ ಹೆಂಗಸರು ಈಜಿಕೊಂಡು ಹೋಗ್ಬೇಕು. ಬಡಾವಣೆ ಬಾಗಿಲು ಎಲ್ಲಿ?"

"ಮುಂದೆ. ಇನ್ನೂರು ಮೀಟರ್ ಇರಬಹುದು."

"ಅಳತೆ ಮಾಡಿದ್ದು ನಿಮ್ಮೆಜಮಾನ್ರೇ ಅಲ್ವಾ? ಹೇಗೆ, ಕೆಲಸದಲ್ಲಿ ಚೊಕ್ಕವಾ?"

"ಮನೆ ಗೋಡೆಗೆ ಮೊಳೆ ಹೊಡೆಯೋಕೂ ಟೇಪ್ ಹಿಡೀತಾರೆ ಮೇಡಂ. ಅರ್ಧ ಇಂಚಿಗೆ ಜಗಳ ಆಡ್ತಾರೆ."

ಅವರು 'ಹೂಂ' ಎಂದು ಕಾರು ತಿರುಗಿಸಲು ಹೇಳಿದರು.

ಗಿರಣಿಯ ಬಾಗಿಲಲ್ಲಿ ಪಾಳಿ ಬದಲಾಗುತ್ತಿತ್ತು. ಹೆಂಗಸರು ರಸ್ತೆಯಂಚಿನಲ್ಲಿ ಗುಂಪಾಗಿ ನಿಂತು, ಒಂದು ಬಿಡುವು ಸಿಕ್ಕ ಕೂಡಲೇ ಒಟ್ಟಿಗೆ ನುಗ್ಗಿದರು. ಒಬ್ಬಳು ಚಪ್ಪಲಿ ಕೈಯಲ್ಲಿ ಹಿಡಿದಿದ್ದಳು. ಅದರ ನಡುವಿನಿಂದ ನನ್ನ ತಂಗಿ ಬಂದಳು, ಕೂದಲಲ್ಲಿ ಹತ್ತಿಯ ಎಳೆ.

"ಏನಕ್ಕ, ಕಾರಲ್ಲಿ! ನಮ್ಮ ದಾರಿ ತೋಡೋಕೆ ಗುದ್ದಲಿ ತಂದ್ಯಾ?"

"ಮುನ್ನೂರು ಮೀಟರ್ ಆಚೆ ದಾರಿ ಮಾಡಿದ್ರೆ ಹೋಗ್ತೀರೇನಮ್ಮ?" ಎಂದು ಚುಕ್ಕಿ ಮೇಡಂ ಕೇಳಿದರು. ಯಾಕೆ ಹಾಗೆ ಕೇಳಿದರೋ ನನಗೆ ಆಗ ಅರ್ಥವಾಗಲಿಲ್ಲ.

"ಹೋಗಿ ಬರೋಕೆ ಆರುನೂರು ಮೇಡಂ. ಸೈರನ್ ಆದ ಮರುಕ್ಷಣ ಬಾಗಿಲು ಹಾಕ್ತಾರೆ. ಯಾರು ಸುತ್ತಿಕೊಂಡು ಹೋಗ್ತಾರೆ? ಹೋದ ವರ್ಷ ಕಾಲು ಮುರ್ಕೊಂಡವಳು ನನ್ನ ಪಕ್ಕದ ಯಂತ್ರದವಳು. ಅವಳಿಗೂ ಕಣ್ಣಿತ್ತು, ಬುದ್ಧಿಯಿತ್ತು. ಹೊತ್ತಿರಲಿಲ್ಲ, ಅಷ್ಟೇ."

ತಂಗಿಯನ್ನು ಕಳಿಸಿ ತಿರುಗಿದಾಗ ಚುಕ್ಕಿ ಮೇಡಂ ಊರ ಕಡೆಗೆ ನಡೆದುಹೋಗುತ್ತಿದ್ದರು. ದೂರದಲ್ಲಿ ನಿಂತು ಯಾರಿಗೋ ಫೋನ್ ಮಾಡಿದರು. ನಾನು ಓಡಿ ಸೇರಿಕೊಂಡೆ. ಅವರು ರಸ್ತೆಯ ಬಲಬದಿಯ ಕಿಲೋಮೀಟರ್ ಕಲ್ಲನ್ನು ಕಾಲಿನಿಂದ ತೋರಿಸಿದರು. ಅದರ ಮೇಲೆ '6'. ಇನ್ನೂ ಇನ್ನೂರು ಮೀಟರ್ ಆಚೆ ಎಡಬದಿಯಲ್ಲಿ ಇನ್ನೊಂದು ಕಲ್ಲು, ಅದರ ಮೇಲೆ '3'.

"ಒಂದು ರಸ್ತೆಗೆ ಎರಡು ಸಾಲು ಕಲ್ಲು?"

"ಬಲಗಡೆಯವು ರಾಜ್ಯದ್ದು. ಎಡಗಡೆಯವು ನಮ್ಮವು. ಕೀಳೋದು ಯಾರು ಅನ್ನೋದು ತೀರ್ಮಾನ ಆಗ್ಲಿಲ್ಲ."

ಎರಡು ಕಲ್ಲುಗಳ ನಡುವೆ ತಗಡಿನ ಬೇಲಿ, ಅದರ ಹಿಂದೆ ಮಟ್ಟ ಮಾಡಿದ ದೊಡ್ಡ ಬಯಲು, ಬೀಗ ಹಾಕಿದ ಗೇಟು. ರಾಜ್ಯ ಸಾರಿಗೆಯವರ ಹೊಸ ಬಸ್ ಡಿಪೋಗೆ ಜಾಗ ಎಂದು ಕೇಳಿದ್ದೆ. ಚುಕ್ಕಿ ಮೇಡಂ ಆ ಗೇಟನ್ನು ಬಹಳ ಹೊತ್ತು ನೋಡಿದರು.

ಎರಡೂಕಾಲಿಗೆ ನಾವು ನಾಲ್ವರೂ ಮತ್ತೆ ಕೋಣೆಯಲ್ಲಿದ್ದೆವು. ಚುಕ್ಕಿ ಮೇಡಂ ಬಾಗಿಲು ಮುಂದೆ ಮಾಡಿದರು.

"ಎಲ್ಲರೂ ಬಡಾವಣೆಯನ್ನೇ ನೋಡಿದ್ರಿ. ನಾನೂ ಮೊದಲು ಅಲ್ಲಿಗೇ ಹೋದೆ. ಅಲ್ಲಿ ಕಾಲುವೆ ಇದೆ. ಬಡಾವಣೆಗೆ ಅನುಕೂಲ ಮಾಡೋನು ಬಡಾವಣೆ ಬಾಗಿಲಿಗೆ ಗುರುತು ಹಾಕ್ತಾನೆ, ನೀರೊಳಗೆ ಹಾಕಲ್ಲ. ಅದರಲ್ಲೂ ಆ ಬಾಗಿಲನ್ನ ತಾನೇ ಅಳೆದ ಸರ್ವೇಯರ್ ಇನ್ನೂರು ಮೀಟರ್ ತಪ್ಪಲ್ಲ."

ನನ್ನ ಎದೆಯಿಂದ ಏನೋ ಇಳಿಯಿತು. ಜೊತೆಗೇ ನಾಚಿಕೆ ಏರಿತು.

"ಹಾಗಾದ್ರೆ 6.1 ಅಂದ್ರೆ ಎಲ್ಲಿ?" ಎಂದರು ರಾಜ್ಯ. ಮರುಕ್ಷಣ ಅವರ ತುಟಿ ತಾನಾಗಿ ಅಲುಗಿತು. "ಒಂಬತ್ತು ಪಾಯಿಂಟ್ ಎರಡರಲ್ಲಿ ಆರು ಪಾಯಿಂಟ್ ಒಂದು ಕಳೆದ್ರೆ... ಮೂರು ಪಾಯಿಂಟ್ ಒಂದು! ಡಿಪೋ ಗೇಟು!"

"ಹೌದು. ಗಿರಣಿಯಿಂದ ಮುನ್ನೂರು ಮೀಟರ್. ಬಸ್ಸುಗಳು ರಸ್ತೆ ಅಡ್ಡ ಹಾಯದೆ ಕೆಳಗಿಂದಲೇ ತಿರುಗೋಕೆ ಹೇಳಿ ಮಾಡಿಸಿದ ಜಾಗ. ಬದಲಿಸಿದವರು ಬರೆಯಬೇಕಾಗಿದ್ದು 3.1. ನಗರ, ನಿಜ ಹೇಳಿ — 3.4 ಇದ್ದಲ್ಲಿ 3.1 ಇದ್ದಿದ್ರೆ ಇವತ್ತು ಬೆಳಿಗ್ಗೆ ನಿಮ್ಮ ಕಣ್ಣಿಗೆ ಬೀಳ್ತಿತ್ತಾ?"

ಹದಿನಾಲ್ಕು ಕಾಮಗಾರಿ, ನೂರಾರು ಅಂಕಿ. ಮೂರರಿಂದ ಶುರುವಾಗಿದ್ದರೆ ಕಣ್ಣು ಜಾರಿ ಮುಂದೆ ಹೋಗುತ್ತಿತ್ತು. "ಇಲ್ಲ" ಎಂದೆ.

"ಯಾರಿಗೂ ಬೀಳ್ತಿರ್ಲಿಲ್ಲ. ಸಭೆ ಒಪ್ಪಿಗೆ ಕೊಡ್ತಿತ್ತು. ಆದರೆ ಬರೆದವರು ಕಳೆಯೋದನ್ನ ಮರೆತರು. ರಾಜ್ಯದ ನಕ್ಷೆಯಲ್ಲಿದ್ದ ಅಂಕಿಯನ್ನ ಇದ್ದ ಹಾಗೇ ಎತ್ತಿ ಬರೆದರು. ಈ ತಪ್ಪು ಯಾರು ಮಾಡ್ತಾರೆ? ನಿದ್ದೆಯಲ್ಲೂ ಕಳೆಯೋ ಈ ಮನುಷ್ಯ ಮಾಡಲ್ಲ. ಹನ್ನೊಂದು ತಿಂಗಳು ಊರ ಕಡೆಯ ಅಂಕಿಯನ್ನೇ ಟೈಪ್ ಮಾಡಿದ ಈಕೆ ಮಾಡಲ್ಲ. ಸೇತುವೆ ಕಡೆಯಿಂದ ಎಣಿಸೋದು ಕೈಗೆ ಹತ್ತಿದವರು, ಈ ಕೋಣೆಯಲ್ಲಿ ಬರೀ ಮಾತಾಡಿ, ಒಂದು ಅಂಕಿಯನ್ನೂ ತಾವೇ ಬರೆಯದವರು ಮಾಡ್ತಾರೆ. ಹದಿನೆಂಟು ವರ್ಷದ ರೂಢಿ ಹನ್ನೊಂದು ತಿಂಗಳಿಗೆ ಹೋಗುತ್ತಾ?"

ದೊಡ್ಡಮೇಡಂ ಕಿಟಕಿಯ ಕಡೆ ನೋಡುತ್ತಿದ್ದರು.

"ಸಾರಿಗೆಯವರನ್ನ ಕೇಳಿದೆ, ಡಿಪೋ ನಕ್ಷೆ ಈ ಊರಿಗೆ ಬಂದದ್ದು ಒಂದೇ ಪ್ರತಿ. ಶುಕ್ರವಾರ, ಸುರುಳಿಯಾಗಿ, ನಿಮ್ಮ ಹೆಸರಿಗೆ. ರಾಜ್ಯ, ನೀವು ಅದನ್ನ ನೋಡಿದೀರಾ?"

"ಅಂಥದ್ದೊಂದು ಇದೆ ಅಂತಲೇ ಗೊತ್ತಿಲ್ಲ ಮೇಡಂ."

"ನಾನು ಶನಿವಾರ ಮನೆಯಲ್ಲಿದ್ದೆ" ಎಂದರು ದೊಡ್ಡಮೇಡಂ. ದನಿ ಮೊದಲಿನ ಹಾಗಿರಲಿಲ್ಲ. "ಬಾಗಿಲ ಪುಸ್ತಕ ನೋಡಿ."

"ಪುಸ್ತಕ ನಡೆದು ಬಂದವರನ್ನಷ್ಟೇ ನೋಡುತ್ತೆ. ನೀವು ಕಾರನ್ನ ನೆಲಮಾಳಿಗೆಯಲ್ಲಿ ಬಿಟ್ಟು ಲಿಫ್ಟ್ ಹತ್ತೋರು. ನಾನು ಸರ್ವೇಯರಿಗೆ ಫೋನ್ ಮಾಡಿದೆ. ಒಂದೇ ಪ್ರಶ್ನೆ — ನೀವು ಹೋದಾಗ ಕೋಣೆ ಬಾಗಿಲು ತೆರೆದಿತ್ತಾ? ಮುಚ್ಚಿತ್ತಂತೆ. ಒಳಗಿಂದ ಪ್ರಿಂಟರ್ ಸದ್ದು. ನೀವು ಫೋನಿನಲ್ಲಿ ಮಾತಾಡೋ ದನಿ. ದೊಡ್ಡವರು ಕೆಲಸದಲ್ಲಿದ್ದಾರೆ, ಹೆಂಡತಿ ಕನ್ನಡಕಕ್ಕೆ ಬಾಗಿಲು ತಟ್ಟೋದು ಚೆನ್ನಾಗಿರಲ್ಲ ಅಂತ ಆ ಮನುಷ್ಯ ಹೊರಗಿನ ಬೆಂಚಿನ ಮೇಲೆ ಕೂತಿದ್ರು. ನೀವು ಫೋನಿನಲ್ಲೇ ಮಾತಾಡ್ತಾ, ಅವರನ್ನ ಗಮನಿಸದೆ ಲಿಫ್ಟಿನಲ್ಲಿ ಇಳಿದ ಮೇಲೆ ಒಳಗೆ ಹೋದ್ರು. ಅಂಕಿ ಬದಲಿಸಿ, ಡಬ್ಬಿಯ ಕೀಲಿಗಳಿಂದ ಕಪಾಟು ತೆಗೆದು ಮೂರನೇ ಹಾಳೆ ಬೇರೆ ಇಟ್ಟವರು ನೀವೇ."

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರಬೇಕು? ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅವರ ಕತ್ತಿನ ಹಿಂದೆ ಬಣ್ಣ ಹಚ್ಚದೆ ಉಳಿದ ಬಿಳಿ ಕೂದಲು ಕಾಣುತ್ತಿತ್ತು.

"ಹನ್ನೊಂದು ತಿಂಗಳು ನಾನು ನಾಟಕ ಆಡ್ಲಿಲ್ಲ" ಎಂದರು ಅವರು, ನನಗೆ. "ಅದನ್ನ ಮಾತ್ರ ನಂಬು. ಶುಕ್ರವಾರ ಗೆದ್ದು ಮೇಲೆ ಬಂದೆ, ನಕ್ಷೆ ಮೇಜಿನ ಮೇಲಿತ್ತು. ಆಮೇಲೆ ಹಳೇ ಇಲಾಖೆಯಿಂದ ಫೋನು. ವಾಪಸ್ ಬನ್ನಿ, ನಿರ್ದೇಶಕರ ಕುರ್ಚಿ ಖಾಲಿಯಿದೆ, ಮುನ್ನೂರು ಮೀಟರ್ ಸರಿಸಿಕೊಡಿ ಅಂದ್ರು. ನಿವೃತ್ತಿಗೆ ಎರಡು ವರ್ಷ. ಆ ಕುರ್ಚಿಗೆ ನನ್ನ ಕಿರಿಯರು ಮೂವರು ನನ್ನ ತಲೆ ದಾಟಿ ಹೋಗಿದ್ರು. ಮುನ್ನೂರು ಮೀಟರ್ ತಾನೇ, ನಡೀತಾರೆ ಅನ್ನಿಸ್ತು."

"ನಡೆಯಲ್ಲ ಮೇಡಂ" ಎಂದೆ. "ಹೊತ್ತಿರಲ್ಲ ಅವರಿಗೆ."

"ಬೆಳಿಗ್ಗೆ ಬಡಾವಣೆ ಅಂತ ಕೂಗಿದ್ರಲ್ಲ," ಎಂದರು ಚುಕ್ಕಿ ಮೇಡಂ, "ಈಕೆಯ ಗಂಡನ ಕಡೆ ಬೆರಳು ಹೋಗುತ್ತೆ ಅಂತ ಗೊತ್ತಿತ್ತಾ?"

ದೊಡ್ಡಮೇಡಂ ಹೇಳಿಕೆಗೆ ಸಹಿ ಹಾಕಿ, ಯಾರನ್ನೂ ನೋಡದೆ ಹೊರಟರು.

ಮೂರು ಗಂಟೆಗೆ ಮಂಡಳಿಯ ಮುಂದೆ ಒಂಬತ್ತನೇ ಸಾಲನ್ನು ನಾನೇ ಓದಿದೆ. ಮೂರು ಪಾಯಿಂಟ್ ನಾಲ್ಕು. ಆಕ್ಷೇಪಣೆ ಬರಲಿಲ್ಲ. ಕೆಳದಾರಿ ಪಟ್ಟಿಯಲ್ಲಿ ಉಳಿಯಿತು. ನಾನು ಆ ಕೋಣೆಯಲ್ಲಿ ಉಳಿಯಲಿಲ್ಲ. ಸುಳ್ಳು ಬರೆದದ್ದಕ್ಕೆ ವಿಚಾರಣೆ, ಅಲ್ಲಿಯವರೆಗೆ ಹಳೇ ಕಡತಗಳ ಕೋಣೆಗೆ ವರ್ಗ. ರಾಜ್ಯ ನನ್ನ ಚೀಲ ಹಿಡಿದು ಮೆಟ್ಟಿಲವರೆಗೂ ಬಂದರು. "ಇನ್ನು ಯಾರ ಜೊತೆ ಜಗಳ ಆಡ್ಲಿ ನಗರ?" ಎಂದರು.

ಮನೆಗೆ ಹೋದಾಗ ನನ್ನ ಗಂಡ ಮರುದಿನದ ಅಂಗಿಗೆ ಇಸ್ತ್ರಿ ಹಾಕುತ್ತಿದ್ದರು. ತಲೆ ಎತ್ತಲಿಲ್ಲ.

"ನಿಮ್ಮ ಅಧಿಕಾರಿ ಫೋನ್ ಮಾಡಿದ್ರು. ಶನಿವಾರ ಬಾಗಿಲು ತೆರೆದಿತ್ತಾ ಅಂತ. ಬೆಳಿಗ್ಗೆಯಿಂದ ಅಷ್ಟೆಲ್ಲ ಆಗಿದೆ. ನೀನ್ ಯಾಕೆ ಕೇಳ್ಲಿಲ್ಲ?"

ಹೊತ್ತಿರಲಿಲ್ಲ ಅನ್ನಬಹುದಿತ್ತು. ಅವರು ನಂಬುತ್ತಿದ್ದರು.

"ನೀವು ಸುಳ್ಳು ಹೇಳಿಬಿಡ್ತೀರೇನೋ ಅಂತ ಭಯ ಆಯ್ತು."

"ಹೇಳಿದ್ರೆ ನಿನಗೆ ಗೊತ್ತಾಗ್ತಿರ್ಲಿಲ್ವಾ?"

"ಗೊತ್ತಾಗ್ತಿತ್ತು. ಅದಕ್ಕೇ ಕೇಳ್ಲಿಲ್ಲ."

ಅವರು ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿ ಸ್ವಿಚ್ ಆರಿಸಿದರು. ಅಂಗಿಯ ಒಂದು ತೋಳು ಇನ್ನೂ ಮುದ್ದೆಯಾಗಿಯೇ ಇತ್ತು. ಮೇಜಿನ ಆಚೆಗೆ ಒಂದು ಕುರ್ಚಿ ಎಳೆದು ಕೂತು, ನನ್ನ ಮುಂದೆ ಇನ್ನೊಂದನ್ನು ತಳ್ಳಿದರು.

"ಕೂತ್ಕೋ" ಎಂದರು. "ಇಪ್ಪತ್ತಾರು ವರ್ಷದಲ್ಲಿ ಇನ್ನೇನೇನು ಕೇಳ್ದೆ ಬಿಟ್ಟಿದೀಯ, ಈಗ್ಲೇ ಕೇಳು."